ಐದು ಕಡ್ಡಿಗೂ ಉದುರಿದ ಕಾರ್ಡು

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಮ್ಮ ಕಡೆಯ ಗ್ರಂಥಾಲಯದವರನ್ನೆಲ್ಲ ಒಂದು ದಿನ ಕರೆಸಿ ಕಂಪ್ಯೂಟರ್ ತೋರಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಟಿ.ವಿ.ಯಂಥ ಪೆಟ್ಟಿಗೆ, ಅದರಲ್ಲಿ ಹಸಿರು ಅಕ್ಷರ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಷರಟಿನ ಎಂಜಿನಿಯರ್. ಪುಸ್ತಕಗಳ ಪಟ್ಟಿಯನ್ನು ಇದರೊಳಗೆ ತುಂಬಿದರೆ ಬೇಕಾದ್ದನ್ನು ಕ್ಷಣದಲ್ಲಿ ಹುಡುಕಿ ಕೊಡುತ್ತದೆ ಎಂದರು. ಎಲ್ಲರಂತೆ ನಾನೂ ತಲೆಯಾಡಿಸಿದೆ. ಮುಂದೆ ಓದುಗರ ವಿವರವನ್ನೂ ತುಂಬಿದರೆ ಯಾರಿಗೆ ಎಂಥ ಪುಸ್ತಕ ಇಷ್ಟ, ಒಬ್ಬರ ಅಭಿರುಚಿ ಇನ್ಯಾರದಕ್ಕೆ ಹೊಂದುತ್ತದೆ ಎಂಬುದನ್ನೂ ಹೇಳಿಬಿಡುತ್ತದೆ ಎಂದರು. ಆಗ ನನಗೆ ನಗು ತಡೆಯಲಾಗಲಿಲ್ಲ. ಅಧಿಕಾರಿಗಳು ತಿರುಗಿ ನೋಡಿದರು. ಕೆಮ್ಮು ಬಂದವಳಂತೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದೆ. ಆ ಕೆಲಸವನ್ನು ನಾನು ಹತ್ತು ವರ್ಷದ ಹಿಂದೆಯೇ ಒಂದು ಸೈಕಲ್ ಕಡ್ಡಿಯಿಂದ ಮಾಡಿ ಚೆನ್ನಾಗಿ ಪೆಟ್ಟು ತಿಂದಿದ್ದೆ. ಅದನ್ನು ಅಲ್ಲಿ ಯಾರಿಗೆ ಹೇಳಲಿ?

ನಾನು ಕೆಲಸಕ್ಕೆ ಸೇರಿದ್ದು ಕಡೂರಿನಲ್ಲಿ. ಮೂರು ವರ್ಷ ಕಳೆದ ಮೇಲೆ ತರೀಕೆರೆಗೆ ವರ್ಗವಾಯಿತು. ಅಪ್ಪ ಮೊದಲೇ ಹೋಗಿದ್ದ, ಅಷ್ಟರಲ್ಲಿ ಅಮ್ಮನೂ ತೀರಿಕೊಂಡಿದ್ದಳು. ಅಣ್ಣ ತನ್ನ ಸಂಸಾರ ನೋಡಿಕೊಂಡು ದೂರದಲ್ಲಿದ್ದ. ಮದುವೆಯ ಮಾತು ಎರಡು ಮೂರು ಸಲ ಬಂದು ನನ್ನ ಬಾಯಿಂದಲೇ ಮುರಿದುಬಿದ್ದಿತ್ತು. ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನೋಡಲು ಬಂದವರು ಹೇಳಿಕೊಂಡು ಹೋದರಂತೆ. ಸುಳ್ಳೇನಲ್ಲ. ಮದುವೆಯಾದ ಮೇಲೆ ಇಷ್ಟೊಂದು ಓದುವುದಕ್ಕೆ ಪುರುಸೊತ್ತು ಎಲ್ಲಿರುತ್ತದೆ ಎಂದು ಒಬ್ಬ ನಗುತ್ತ ಕೇಳಿದ್ದಕ್ಕೆ, ಹಾಗಾದರೆ ಮದುವೆಗೇ ಪುರುಸೊತ್ತಿಲ್ಲ ಬಿಡಿ ಎಂದಿದ್ದೆ. ಅಂತೂ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತರೀಕೆರೆಯ ಬಟ್ಟೆಯಂಗಡಿಯೊಂದರ ಹಿಂದೆ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೋವು, ಒಂದು ತಟ್ಟೆ, ಒಂದು ಲೋಟ ಇಟ್ಟುಕೊಂಡು ಬದುಕುತ್ತಿದ್ದೆ. ಎರಡನೆಯ ಲೋಟ ಕೊಳ್ಳಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ, ಏಕೆಂದರೆ ಯಾರೂ ಬರುತ್ತಿರಲಿಲ್ಲ.

ಗ್ರಂಥಾಲಯದಲ್ಲಿ ಜನಕ್ಕೇನೂ ಕೊರತೆಯಿರಲಿಲ್ಲ. ಬೆಳಗ್ಗೆ ಪೇಪರಿಗೆ ನೂಕಾಡುತ್ತಿದ್ದರು, ಮಧ್ಯಾಹ್ನ ಫ್ಯಾನಿನ ಕೆಳಗೆ ತೂಕಡಿಸುತ್ತಿದ್ದರು. ಒಳ್ಳೆಯದೊಂದು ಪುಸ್ತಕ ಕೊಡಿ ಎಂದು ಕೇಳಿ ತೆಗೆದುಕೊಂಡು ಹೋದವರು ವಾಪಸು ತಂದಾಗ ಹೇಗಿತ್ತು ಎಂದು ಆಸೆಯಿಂದ ಕೇಳುತ್ತಿದ್ದೆ. ಚೆನ್ನಾಗಿತ್ತು ಎನ್ನುವರು. ಯಾವುದು ಚೆನ್ನಾಗಿತ್ತು ಎಂದರೆ ಎಲ್ಲ ಚೆನ್ನಾಗಿತ್ತು ಎನ್ನುವರು. ನನಗೆ ಮೈಯುರಿಯುತ್ತಿತ್ತು. ಬಾಗಿಲು ತೆಗೆದಾಗಿನಿಂದ ಹಾಕುವ ತನಕ "ಇಲ್ಲಿ ಸಹಿ ಮಾಡಿ", "ವಾಯಿದೆ ಮುಗಿದಿದೆ" ಎಂಬೆರಡು ಮಾತು ಬಿಟ್ಟು ಮೂರನೆಯದನ್ನು ಆಡದ ದಿನಗಳೂ ಇದ್ದವು. ನನಗೆ ಒಬ್ಬರು ಬೇಕಾಗಿತ್ತು. ಗಂಡಸೋ ಹೆಂಗಸೋ, ಮುದುಕರೋ ಎಳೆಯರೋ, ನಾನು ಓದಿದ್ದನ್ನು ಓದಿ, ಅದರ ಬಗ್ಗೆ ಜಗಳವಾಡಬಲ್ಲ ಒಬ್ಬರು. ಇದನ್ನು ಇವತ್ತು ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಆ ನಡುವೆ ಮೈಸೂರಿನಲ್ಲಿ ನಮಗೊಂದು ತಿಂಗಳ ತರಬೇತಿ ನಡೆಯಿತು. ಅಲ್ಲಿ ಪಾಠ ಹೇಳುತ್ತಿದ್ದ ಹಿರಿಯರೊಬ್ಬರು ಒಂದು ದಿನ ಅಂಚಿನುದ್ದಕ್ಕೂ ತೂತುಗಳಿದ್ದ ಕಾರ್ಡುಗಳ ಕಟ್ಟು ತಂದರು. ಒಂದೊಂದು ತೂತಿಗೆ ಒಂದೊಂದು ವಿಷಯ. ಪುಸ್ತಕ ಆ ವಿಷಯಕ್ಕೆ ಸೇರಿದ್ದರೆ ಅದರ ಕಾರ್ಡಿನಲ್ಲಿ ಆ ತೂತನ್ನು ಅಂಚಿನ ತನಕ ಕತ್ತರಿಸಿ ಬಾಯಿ ತೆರೆದಿರುತ್ತಾರೆ. ಇಡೀ ಕಟ್ಟಿನ ಆ ತೂತಿಗೆ ಒಂದು ಕಡ್ಡಿ ತೂರಿಸಿ ಎತ್ತಿ ಅಲ್ಲಾಡಿಸಿದರೆ ಬಾಯಿ ತೆರೆದ ಕಾರ್ಡುಗಳು ಕೆಳಗೆ ಉದುರುತ್ತವೆ, ಉಳಿದವು ಕಡ್ಡಿಗೆ ನೇತಾಡುತ್ತವೆ. ಉದುರಿದವನ್ನು ಜೋಡಿಸಿ ಇನ್ನೊಂದು ತೂತಿಗೆ ಕಡ್ಡಿ ಹಾಕಿದರೆ ಎರಡೂ ವಿಷಯ ಇರುವವು ಮಾತ್ರ ಉದುರುತ್ತವೆ. ಹೀಗೇ ಸೋಸುತ್ತ ಹೋಗಬಹುದು. ನಾನು ಬೆರಗಾಗಿ ಕೂತಿದ್ದೆ. ಆ ಹಿರಿಯರು ನನ್ನನ್ನೇ ನೋಡಿ, "ನಿಮ್ಮೂರಿಗೆ ಕಂಪ್ಯೂಟರ್ ಬರೋದು ಯಾವಾಗಲೋ ಏನೋ. ಅಲ್ಲೀವರೆಗೆ ಇದೇ ನಿಮ್ಮ ಕಂಪ್ಯೂಟರ್ ಅಂದ್ಕೊಳ್ಳಿ ತಾಯಿ" ಎಂದರು.

ಅಂದುಕೊಂಡೆ. ತರೀಕೆರೆಗೆ ಮರಳಿದವಳೇ ಹಳೆಯ ಫೈಲುಗಳ ರಟ್ಟು ಕತ್ತರಿಸಿ ಕಾರ್ಡು ಮಾಡಿದೆ. ಕಚೇರಿಯ ಪಂಚಿಂಗ್ ಯಂತ್ರದಲ್ಲಿ ತೂತು ಹೊಡೆದೆ. ಸೈಕಲ್ ಶಾಪಿನವನ ಹತ್ತಿರ ಚಕ್ರದ ಹಳೇ ಕಡ್ಡಿಯೊಂದನ್ನು ಕೇಳಿದಾಗ, ನಿಮಗೆ ಸೈಕಲ್ಲೇ ಇಲ್ಲವಲ್ಲ ಮೇಡಂ ಎಂದು ಅವನು ಬೆಪ್ಪಾದ. ಮೊದಮೊದಲು ಪುಸ್ತಕಗಳಿಗೆ ಕಾರ್ಡು ಮಾಡಿದೆ. ಅದು ಕೈಗೂಡಿದ ಮೇಲೆ ತಲೆಗೆ ಹುಳ ಹೊಕ್ಕಿತು. ಪುಸ್ತಕಗಳನ್ನು ಸೋಸಬಹುದಾದರೆ ಓದುಗರನ್ನು ಯಾಕೆ ಸೋಸಬಾರದು?

ಪ್ರತಿ ಶಾಖೆಯಲ್ಲೂ ಪುಸ್ತಕ ಕೊಟ್ಟದ್ದರ ರಿಜಿಸ್ಟರ್ ಇರುತ್ತದೆ. ಅದರಲ್ಲಿ ಓದುಗರ ಹೆಸರಿರುವುದಿಲ್ಲ, ಸದಸ್ಯತ್ವದ ನಂಬರು ಮತ್ತು ಪುಸ್ತಕದ ನಂಬರು ಮಾತ್ರ. ತರೀಕೆರೆಯದು ನನ್ನ ಕೈಯಲ್ಲೇ ಇತ್ತು. ಕಡೂರಿನದನ್ನು ಹಳೆಯ ಪರಿಚಯದ ಮೇಲೆ ಕೇಳಿ ತಂದೆ. ಅಜ್ಜಂಪುರದ ಸಣ್ಣ ಶಾಖೆ ನಮ್ಮ ಉಸ್ತುವಾರಿಯಲ್ಲೇ ಇದ್ದುದರಿಂದ ಅದು ತಾನಾಗಿ ಬರುತ್ತಿತ್ತು. ಒಬ್ಬೊಬ್ಬ ಓದುಗರಿಗೆ ಒಂದೊಂದು ಕಾರ್ಡು ಮಾಡಿ, ಅವರು ಯಾವ ಬಗೆಯ ಪುಸ್ತಕವನ್ನು ಮತ್ತೆ ಮತ್ತೆ ಒಯ್ದಿದ್ದಾರೋ ಆ ತೂತಿನ ಬಾಯಿ ತೆರೆಯುತ್ತ ಹೋದೆ. ಇದಕ್ಕೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ದಡ್ಡುಗಟ್ಟಿತು.

ಆಮೇಲೆ ಕಡ್ಡಿ ಹಾಕಿದೆ. ನನಗೆ ಪ್ರೀತಿಯಿದ್ದದ್ದು ಐದು ಬಗೆಯ ಪುಸ್ತಕಗಳಲ್ಲಿ. ಆಕಾಶದ ನಕ್ಷತ್ರಗಳದ್ದು, ಸಮುದ್ರಯಾನದ್ದು, ಪತ್ತೇದಾರಿಯದ್ದು, ಹಕ್ಕಿಗಳದ್ದು, ದೊಡ್ಡವರು ಬರೆದ ಪತ್ರಗಳದ್ದು. ಈ ಐದೂ ಸೇರಿದ ತಲೆ ಲೋಕದಲ್ಲಿ ನನ್ನದೊಂದೇ ಎಂದು ಒಳಗೊಳಗೇ ಜಂಬವೂ ಇತ್ತು. ಕಡೂರಿನ ಕಟ್ಟು ಮೂರನೆಯ ಕಡ್ಡಿಗೇ ಖಾಲಿಯಾಯಿತು. ತರೀಕೆರೆಯಲ್ಲಿ ಮೂರನೆಯದಕ್ಕೆ ಇಬ್ಬರು ಉದುರಿದರು, ನಾಲ್ಕನೆಯದಕ್ಕೆ ಯಾರೂ ಇಲ್ಲ. ಅಜ್ಜಂಪುರದ್ದು ಸಣ್ಣ ಕಟ್ಟು, ಆಸೆಯಿಲ್ಲದೆ ಎತ್ತಿದೆ. ಐದನೆಯ ಕಡ್ಡಿಗೆ ಒಂದೇ ಒಂದು ಕಾರ್ಡು ಮೇಜಿನ ಮೇಲೆ ಬಿತ್ತು. ಎಪ್ಪತ್ತೊಂದನೆಯ ನಂಬರು. ಅದನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಪೇಪರು ಓದಲು ಬಂದ ಮುದುಕರೊಬ್ಬರು ಊರಿಂದ ಕಾಗದ ಬಂತೇನಮ್ಮ ಎಂದು ಕೇಳಿದರು.

ತಿಂಗಳಿಗೊಮ್ಮೆ ಅಜ್ಜಂಪುರಕ್ಕೆ ತಗಡಿನ ಟ್ರಂಕಿನಲ್ಲಿ ಪುಸ್ತಕ ತುಂಬಿ ಬಸ್ಸಿನ ಟಾಪಿನ ಮೇಲೆ ಕಳಿಸುತ್ತಿದ್ದೆವು, ಓದಿ ಮುಗಿದವು ಅದರಲ್ಲೇ ವಾಪಸು ಬರುತ್ತಿದ್ದವು. ಅಲ್ಲಿಂದ ಮುಂದೆ ಆ ಟ್ರಂಕನ್ನು ನಾನು ಎಪ್ಪತ್ತೊಂದಕ್ಕಾಗಿಯೇ ತುಂಬತೊಡಗಿದೆ. ನನಗೆ ತುಂಬ ಇಷ್ಟವಾದ ಒಂದು ಸಮುದ್ರಯಾನದ ಪುಸ್ತಕ ಇಟ್ಟೆ, ಟ್ರಂಕು ತಲುಪಿದ ಮೂರನೆಯ ದಿನವೇ ಎಪ್ಪತ್ತೊಂದು ಅದನ್ನು ಒಯ್ದಿತ್ತು. ಪತ್ರಗಳ ಪುಸ್ತಕ ಇಟ್ಟೆ, ಅದನ್ನು ಎರಡೆರಡು ಸಲ ಒಯ್ದಿತ್ತು. ರಿಜಿಸ್ಟರ್ ನೋಡಿ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ನಾನು ಒಂದು ಮಾತು ಹೇಳಿದಂತೆ, ಅತ್ತ ಕಡೆಯಿಂದ ಉತ್ತರ ಬಂದಂತೆ ಆಗುತ್ತಿತ್ತು.

ಕೆಲವೊಮ್ಮೆ ಎಪ್ಪತ್ತೊಂದು ಬಾಣಂತಿ ಆರೈಕೆಯ ಪುಸ್ತಕ ಒಯ್ಯುತ್ತಿತ್ತು, ಪುರಾಣ ಒಯ್ಯುತ್ತಿತ್ತು, ಶಿಶುಗೀತೆ ಒಯ್ಯುತ್ತಿತ್ತು. ಅದಕ್ಕೆಲ್ಲ ನಾನೇ ಸಮಾಧಾನ ಹುಡುಕಿಕೊಂಡೆ. ಹೆಂಡತಿಯನ್ನು ಕಳೆದುಕೊಂಡವರಿರಬೇಕು, ಪುಟ್ಟ ಮಗುವಿರಬೇಕು. ವಾಪಸು ಬಂದ ಪುಸ್ತಕಗಳ ಹಾಳೆಗಳ ನಡುವೆ ಸಣ್ಣಗೆ ಹಿಟ್ಟು ಇರುತ್ತಿತ್ತು, ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಪಾಪ, ತಾವೇ ರೊಟ್ಟಿ ತಟ್ಟಿಕೊಳ್ಳುತ್ತಾರೆ, ತಟ್ಟುತ್ತಲೇ ಓದುತ್ತಾರೆ ಎಂದುಕೊಂಡೆ. ಬೇರೆ ಯಾರಾದರೂ ಹೀಗೆ ಯೋಚಿಸಿದ್ದರೆ ಬುದ್ಧಿ ಹೇಳಿ ಕಳಿಸುತ್ತಿದ್ದೆ. ಸದಸ್ಯತ್ವದ ಪುಸ್ತಕ ಅಜ್ಜಂಪುರದಲ್ಲೇ ಇತ್ತು, ಆದ್ದರಿಂದ ಹೆಸರು ಗೊತ್ತಿರಲಿಲ್ಲ. ತರಿಸಿಕೊಳ್ಳಬಹುದಿತ್ತು. ತರಿಸಿಕೊಳ್ಳಲಿಲ್ಲ. ಭಯವಾಗುತ್ತಿತ್ತು.

ಹೀಗೇ ಒಂದು ವರ್ಷ ಕಳೆದ ಮೇಲೆ ಪುಸ್ತಕಗಳ ತಪಾಸಣೆಗೆಂದು ಅಜ್ಜಂಪುರಕ್ಕೆ ಹೋಗಲೇಬೇಕಾಯಿತು. ಹಸಿರು ಅಂಚಿನ ಸೀರೆ ಉಟ್ಟೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಪ್ರಯಾಣದಲ್ಲಿ ಮದುವೆಯ ಆಸೆಯೇನಾದರೂ ಇತ್ತೇ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಇರಲಿಲ್ಲ ಎಂದು ಆಣೆ ಮಾಡಲಾರೆ. ಬೀರೂರಿನಲ್ಲಿ ಗಾಡಿ ಬದಲಿಸಿ ಅಜ್ಜಂಪುರ ತಲುಪಿದಾಗ ಹತ್ತು ಗಂಟೆ. ಶಾಖೆ ನೋಡಿಕೊಳ್ಳುತ್ತಿದ್ದವರು ನಿವೃತ್ತ ಮೇಷ್ಟರು. ತಪಾಸಣೆ ಮುಗಿದ ಮೇಲೆ, ಎಪ್ಪತ್ತೊಂದು ಯಾರು ಎಂದು ಸುಮ್ಮನೆ ಕೇಳಿದಂತೆ ಕೇಳಿದೆ. ಅವರು ರಿಜಿಸ್ಟರ್ ಕೂಡ ತೆಗೆಯಲಿಲ್ಲ. ಹಿಟ್ಟಿನ ಮಿಷನ್ ಸಾಹುಕಾರರು, ಒಳ್ಳೇ ಗಿರಾಕಿ, ಈ ರಸ್ತೆಯ ಕೊನೆಗೆ ಎಂದರು.

ಹಿಟ್ಟಿನ ಗುಟ್ಟು ಅಲ್ಲೇ ಬಯಲಾಯಿತು. ಆದರೂ ಮನಸ್ಸು ಸೋಲಲಿಲ್ಲ. ಮಿಷನ್ ನಡೆಸುವವರು ನಕ್ಷತ್ರ ನೋಡಬಾರದೆಂದು ಎಲ್ಲಿದೆ ಎಂದುಕೊಂಡು ರಸ್ತೆಯ ಕೊನೆಯ ತನಕ ನಡೆದೆ. ಅದು ಶಿವಾಚಾರದ ವ್ಯಾಪಾರಸ್ಥರ ಮನೆ, ಮುಂದೆ ಮಿಷನ್, ಹಿಂದೆ ವಾಸ. ಹಣೆಯ ತುಂಬ ವಿಭೂತಿ ಇಟ್ಟಿದ್ದ ಸಾಹುಕಾರರು, ಲೈಬ್ರರಿಯಿಂದ ಎಂದ ಕೂಡಲೇ ಪುಸ್ತಕ ಹರಿದುಹೋಗಿದೆಯೇ ಎಂದು ಗಾಬರಿಯಾಗಿ ಎದ್ದು ನಿಂತರು. ಇಲ್ಲ, ನೀವು ಬಹಳ ಓದುತ್ತೀರಂತೆ, ನೋಡಿ ಹೋಗೋಣವೆಂದು ಬಂದೆ ಎಂದೆ.

ಅವರು ಮಿಷನ್ನಿನ ಸದ್ದನ್ನೂ ಮೀರಿಸಿ ನಕ್ಕರು. "ನಾನಾ? ಶಿವನೇ, ನಾನು ಪುಸ್ತಕ ಮುಟ್ಟಿ ಇಪ್ಪತ್ತು ವರ್ಷ ಆತು ಕಣಮ್ಮ. ಟಿಕೀಟು ನನ್ನೆಸರಲ್ಲೈತೆ ಅಷ್ಟೇಯ. ಓದೋದು ಬೀದಿಯೋರು."

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು. ಸದಸ್ಯರಾಗಬೇಕಾದರೆ ಠೇವಣಿಯ ಜೊತೆಗೆ ಸ್ವಂತ ಮನೆಯಿರುವವರದೋ ಸರ್ಕಾರಿ ನೌಕರರದೋ ಜಾಮೀನು ರುಜು ಬೇಕು. ಆ ಬೀದಿಯಲ್ಲಿ ಹೆಚ್ಚಿನವರು ಬಾಡಿಗೆಗಿದ್ದವರು, ರುಜುವಿಗಾಗಿ ಯಾರ ಬಾಗಿಲಿಗೂ ಹೋಗಲು ಸಂಕೋಚ. ಸಾಹುಕಾರರದೊಂದು ಟಿಕೀಟಿತ್ತು, ಅಂದರೆ ಪುಸ್ತಕ ಒಯ್ಯುವ ಸದಸ್ಯತ್ವದ ಚೀಟಿ. ಮಿಷನ್ನಿನ ಗೋಡೆಯಲ್ಲಿ ಒಂದು ಗೂಡಿತ್ತು. ಮೇಷ್ಟರು ಪುಸ್ತಕ ಕೊಟ್ಟು ಕಳಿಸುವುದು, ಅದು ಗೂಡಿನಲ್ಲಿ ಕೂರುವುದು, ರಾಗಿ ಬೀಸಿಸಲು ಬಂದವರು ಸರದಿ ಕಾಯುತ್ತ ಓದುವುದು, ಹಿಡಿಸಿದರೆ ಮನೆಗೆ ಒಯ್ಯುವುದು. ಇದು ತಪ್ಪೆಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಬೀದಿಗೊಂದು ನಲ್ಲಿ ಇದ್ದ ಹಾಗೆ ಬೀದಿಗೊಂದು ಟಿಕೀಟು. ಮೇಷ್ಟರಿಗೂ ಗೊತ್ತಿತ್ತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಸಾಹುಕಾರರ ಹೆಂಡತಿ ನನ್ನನ್ನು ಒಳಗೆ ಕರೆದು ಚಾಪೆ ಹಾಸಿ ಕಾಫಿ ಕೊಟ್ಟರು. ಲೈಬ್ರರಿಯಮ್ಮ ಬಂದಿದ್ದಾರೆ ಎಂಬ ಸುದ್ದಿಗೆ ಬೀದಿಯೇ ಸೇರಿತು. ನನ್ನ ಎಪ್ಪತ್ತೊಂದು ಒಬ್ಬೊಬ್ಬರಾಗಿ ಬಂದು ನನ್ನೆದುರು ಕೂತಿತು. ನಕ್ಷತ್ರದ ಪುಸ್ತಕ ಓದುತ್ತಿದ್ದವರು ಸಾಹುಕಾರರ ಮುಪ್ಪಿನ ತಂದೆ, ಪಂಚಾಂಗದಲ್ಲಿ ತಪ್ಪು ಹಿಡಿಯುವುದಕ್ಕೆ. ಸಮುದ್ರಯಾನ ಓದುತ್ತಿದ್ದವನು ಮಿಷನ್ ಓಡಿಸುವ ಆಳು. ಪತ್ತೇದಾರಿ ಸಾಹುಕಾರರ ಹೆಂಡತಿಯದು, ಕೊಲೆ ಮಾಡಿದವನು ಯಾರೆಂದು ಕೊನೆಯ ಹಾಳೆ ನೋಡಿಯೇ ಅವರು ಶುರು ಮಾಡುವುದು. ಹಕ್ಕಿಗಳ ಪುಸ್ತಕವನ್ನು ಎದುರು ಮನೆಯ ಸೊಸೆ ಒಯ್ಯುತ್ತಿದ್ದಳು, ಕಸೂತಿಗೆ ಚಿತ್ರ ಇಳಿಸಿಕೊಳ್ಳಲು. ಪತ್ರಗಳ ಪುಸ್ತಕ ಮಿಲಿಟರಿಯಲ್ಲಿದ್ದವನ ಹೆಂಡತಿಯದು. ಗಂಡನಿಗೆ ಬರೆಯುವಾಗ ಒಳ್ಳೊಳ್ಳೆಯ ಸಾಲುಗಳನ್ನು ಅದರಿಂದ ಎತ್ತಿಕೊಳ್ಳುತ್ತಿದ್ದೆನೆಂದು ನಾಚಿಕೊಂಡು ಹೇಳಿದಳು. ಎಲ್ಲರೂ ಒಳ್ಳೆಯವರು. ನಾನು ಹುಡುಕಿಕೊಂಡು ಬಂದವರು ಮಾತ್ರ ಅವರಲ್ಲಿ ಯಾರೂ ಆಗಿರಲಿಲ್ಲ. ಕಾಫಿ ಬಿಸಿಯಾಗಿದೆ ಎಂದು ನೆಪ ಹೇಳಿ ಲೋಟದತ್ತ ತಲೆ ಬಗ್ಗಿಸಿದೆ.

ಅಷ್ಟರಲ್ಲಿ ಮಿಲಿಟರಿಯವನ ಹೆಂಡತಿ ಮೆಲ್ಲಗೆ ಕೇಳಿದಳು. "ನೀವೂ ಸರ್ಕಾರಿ ನೌಕರ್ರೇ ಅಲ್ವೇನಕ್ಕ? ನೀವು ರುಜು ಹಾಕಿದ್ರೆ ನಂಗೂ ಒಂದು ಟಿಕೀಟು ಸಿಗ್ತದಾ?"

ಹಾಕಬಾರದೆಂದು ನಿಯಮವೇನೂ ಇರಲಿಲ್ಲ. ಮೇಷ್ಟರ ಹತ್ತಿರ ಅರ್ಜಿಗಳನ್ನು ತರಿಸಿದೆ. ಐವರೂ ತುಂಬಿ ಕೊಟ್ಟರು, ಐದಕ್ಕೂ ರುಜು ಹಾಕಿದೆ. ಹಾಕುವಾಗಲೇ ಗೊತ್ತಿತ್ತು, ಮುಂದಿನ ತಿಂಗಳಿನಿಂದ ರಿಜಿಸ್ಟರಿನಲ್ಲಿ ನನ್ನ ಎಪ್ಪತ್ತೊಂದು ಇರುವುದಿಲ್ಲ. ಒಂದೊಂದೇ ತೂತು ತೆರೆದ ಐದು ಕಾರ್ಡು ಇರುತ್ತವೆ, ನನ್ನ ಎರಡನೆಯ ಕಡ್ಡಿಗೇ ಎಲ್ಲವೂ ನೇತಾಡುತ್ತವೆ. ಒಂದು ವರ್ಷ ನನ್ನ ಜೊತೆಗಿದ್ದವರನ್ನು ನಾನೇ ಐದು ಸಹಿಯಲ್ಲಿ ಕಳೆದುಕೊಂಡೆ. ಆ ಹೆಂಗಸಿನ ಮುಖ ಅರಳಿದ್ದು ನೋಡಿ ಸಂತೋಷವೂ ಆಯಿತು, ಅವಳ ಮೇಲೆ ಸಿಟ್ಟೂ ಬಂತು.

ಹೊರಡಲು ಎದ್ದಾಗ ಸಾಹುಕಾರರ ಹೆಂಡತಿ, ನೀವು ಯಾವುದನ್ನು ಓದುತ್ತೀರಿ ಎಂದು ಕೇಳಿದರು. ಇವೇ ಐದು ಬಗೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅವರು ತಮ್ಮ ಬೀದಿಯ ಲೆಕ್ಕದಲ್ಲೇ ಅದನ್ನು ಅರ್ಥ ಮಾಡಿಕೊಂಡರು.

"ಅಂಗಾರೆ ನಿಮ್ಮನೆ ತುಂಬ ಜನ ಅನ್ನಿ. ಎಷ್ಟು ಮಂದಿ ಇದ್ದೀರಮ್ಮ?"

ನಾನೊಬ್ಬಳೇ ಎಂದು ಹೇಳಬಹುದಿತ್ತು. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು, ಬಾಯಿ ಬರಲಿಲ್ಲ. "ಐದು ಜನ" ಎಂದೆ. ಕೇಳದಿದ್ದರೂ ಮುಂದುವರಿಸಿದೆ. ಅಪ್ಪನಿಗೆ ನಕ್ಷತ್ರದ ಹುಚ್ಚು, ಅಣ್ಣನಿಗೆ ಸಮುದ್ರದ್ದು, ಅತ್ತಿಗೆ ಪತ್ತೇದಾರಿ ಹಿಡಿದರೆ ಒಲೆಯ ಮೇಲಿನದು ಸೀದುಹೋದರೂ ಏಳುವುದಿಲ್ಲ, ತಂಗಿಗೆ ಹಕ್ಕಿ ಎಂದರೆ ಪ್ರಾಣ, ಪತ್ರಗಳು ನನ್ನವು. ಇಷ್ಟು ಸಲೀಸಾಗಿ ನಾನು ಬದುಕಿನಲ್ಲಿ ಸುಳ್ಳು ಹೇಳಿರಲಿಲ್ಲ. ಹೇಳುತ್ತಿದ್ದಷ್ಟು ಹೊತ್ತು ಮನೆ ತುಂಬಿತ್ತು. ಆಕೆ ಕಣ್ಣರಳಿಸಿ ಕೇಳಿ ಒಳಗೆ ಹೋದರು, ಬಾಳೆಲೆಯಲ್ಲಿ ಕಟ್ಟಿದ ಪೊಟ್ಟಣವೊಂದನ್ನು ತಂದು ನನ್ನ ಚೀಲದಲ್ಲಿ ಇಟ್ಟರು. "ಕಾಯಿ ಹೋಳಿಗೆ. ಬೆಳಗ್ಗೆ ಮಾಡಿದ್ದು. ಐದು ಐತೆ, ತಲೆಗೊಂದೊಂದು. ಅಪ್ಪಾಜಿಗೆ ಮೊದ್ಲು ಕೊಡಿ."

ಬೀರೂರಿನಲ್ಲಿ ತರೀಕೆರೆಯ ಗಾಡಿಗೆ ಒಂದೂವರೆ ಗಂಟೆ ಕಾಯಬೇಕಿತ್ತು. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತೆ, ಇನ್ನೂ ಬಿಸಿಲಿತ್ತು. ಕೋಣೆಗೆ ಒಯ್ದರೆ ಮನೆಯೊಡತಿ ನೋಡುತ್ತಾರೆ, ಯಾರಿಗಮ್ಮ ಇಷ್ಟೊಂದು ಎಂದು ಕೇಳುತ್ತಾರೆ. ಹೋಗಿ ಬರುವವರಿಗೆ ಕೊಡೋಣವೆಂದರೆ ಮನಸ್ಸು ಒಪ್ಪಲಿಲ್ಲ, ಒಬ್ಬೊಬ್ಬರ ಹೆಸರಿನಲ್ಲಿ ಕೊಟ್ಟದ್ದು. ಪೊಟ್ಟಣ ಬಿಚ್ಚಿದೆ. ಒಂದರ ಮೇಲೊಂದು ಐದು ಹೋಳಿಗೆ, ನಡುನಡುವೆ ತುಪ್ಪ ಸವರಿತ್ತು. ಅಪ್ಪನದನ್ನು ಮೊದಲು ತಿಂದೆ. ಆಮೇಲೆ ಅಣ್ಣನದು, ಅತ್ತಿಗೆಯದು, ತಂಗಿಯದು. ಹೊಟ್ಟೆ ತುಂಬಿ ಬಹಳ ಹೊತ್ತಾಗಿತ್ತು. ಕೊನೆಗೆ ಒಂದು ಉಳಿಯಿತು, ಅದು ನನ್ನದು. ಅದನ್ನು ಕೈಯಲ್ಲಿ ಹಿಡಿದುಕೊಂಡು ಗಾಡಿ ಬರುವ ತನಕ ಕೂತಿದ್ದೆ. ತಿನ್ನಲಾಗಲಿಲ್ಲ.